ಬೆರಳೆಂಬ ಸಾಮಾನ್ಯ ಅಪವರ್ತನ

"ಮೂರು ವಿದ್ಯೆ! ಒಂದೇ ಏಟಿಗೆ! ಹೊಡೆದು ಉರುಳಿಸ್ತೀನಿ, ನೋಡ್ತಿರು!"

ಹೀಗೆಂದು ಲಕೋಟೆ ಊಟದ ಮೇಜನ್ನು ಗುದ್ದಿದಾಗ ಉರುಳಿದ್ದು ವಿದ್ಯೆಯಲ್ಲ, ನೀರಿನ ಜಗ್ಗು. ನೀರು ಮೇಜಿನ ಉದ್ದಕ್ಕೂ ಹರಿದು, ತುದಿಯಲ್ಲಿ ಒಂದು ಕ್ಷಣ ಯೋಚಿಸಿ, ಅತ್ತೆಯವರ ಮಡಿಲಿಗೆ ಇಳಿಯಿತು.

"ಶುರುವಾಯ್ತು," ಎಂದು ಹೆಂಡತಿ ಒರೆಸುವ ಬಟ್ಟೆಯನ್ನು ಅವನ ಮೇಲೆ ಎಸೆದಳು. "ಮೊದ್ಲು ಇದನ್ನ ಒರೆಸಿ. ವಿದ್ಯೆ ಆಮೇಲೆ."

ಲಕೋಟೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಚೇರಿಯ ರವಾನೆ ವಿಭಾಗದಲ್ಲಿ ಕೂತು ಲಕೋಟೆಗೆ ಅಂಟು ಹಚ್ಚುವುದು, ವಿಳಾಸ ಬರೆಯುವುದು, ಅಂಚೆಗೆ ಕಳಿಸುವುದು ಅವನ ಉದ್ಯೋಗ. ಸಹೋದ್ಯೋಗಿಗಳು ಕೊಟ್ಟ ಈ ಹೆಸರು ಅವನಿಗೆ ಎಷ್ಟು ಭದ್ರವಾಗಿ ಅಂಟಿತ್ತೆಂದರೆ ಮನೆಗೆ ಫೋನು ಮಾಡಿದವರೂ "ಲಕೋಟೆ ಇದಾರಾ?" ಎಂದೇ ಕೇಳುತ್ತಿದ್ದರು.

ಈ ಘನಪ್ರತಿಜ್ಞೆಗೆ ಕಾರಣವಾದದ್ದು ಕಚೇರಿಯ ಗೋಡೆಗೆ ಅಂಟಿಸಿದ್ದ ಒಂದು ಸೂಚನೆ. ಇನ್ನು ಮುಂದೆ ಎಲ್ಲ ಕೆಲಸವೂ ಕಂಪ್ಯೂಟರಿನಲ್ಲಿ. ಊರಿನ ಸಮುದಾಯ ಕಾಲೇಜಿನಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿದವರು ಮೇಲೆ ಇರುತ್ತಾರೆ. ಉಳಿದವರು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ!

ನೆಲಮಾಳಿಗೆ ಎಂದರೆ ಲಕೋಟೆಗೆ ಭಯ. ಅಲ್ಲಿ ಹಗಲೂ ಇಲ್ಲ, ಗಾಳಿಯೂ ಇಲ್ಲ. ಮಿಣುಕುವ ಒಂದು ಟ್ಯೂಬ್‌ಲೈಟು, ತೇವದ ವಾಸನೆ, ಗೋಡೆಯ ಆಚೆ ಯಾವುದೋ ಪೈಪಿನ ಗೊರಗೊರ. ಹಿಂದೆ ಅಲ್ಲಿಗೆ ಹಾಕಿದ್ದ ಗುಮಾಸ್ತರೊಬ್ಬರು ನಿವೃತ್ತರಾದ ಸಂಗತಿ ಕಚೇರಿಗೆ ತಿಳಿದದ್ದು ಅವರು ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲಂತೆ. ಮೇಲಾದರೋ ಲಕೋಟೆಯ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಾಚೆ ಬೀದಿ, ಬೀದಿಯಾಚೆ ಕ್ಷೌರದಂಗಡಿ. ಅಲ್ಲಿ ಯಾರು ಮೀಸೆ ತೆಗೆಸಿದರು, ಯಾರು ಬರೀ ಪೇಪರು ಓದಿ ಎದ್ದುಹೋದರು ಎಂಬುದೆಲ್ಲ ಇವನಿಗೆ ಅಂಗಡಿಯವನಿಗಿಂತ ಚೆನ್ನಾಗಿ ಗೊತ್ತು. ಆ ಕಿಟಕಿ ಹೋದರೆ ತನ್ನ ಬಾಳಿನಲ್ಲಿ ಉಳಿಯುವುದು ಅಂಟು ಮಾತ್ರ ಎಂದು ಅವನಿಗೆ ಖಚಿತವಾಗಿತ್ತು.

"ಟೈಪಿಂಗ್ ಒಂದು ಕಲಿತ್ರೆ ಸಾಲದಾ? ಮೂರು ಯಾಕೆ?" ಎಂದು ಹೆಂಡತಿ ಕೇಳಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎದುರಿಗಿರುವ ಯಾವ ಮನುಷ್ಯನಿಗೆ ಯಾವುದು ಕಾಣುವುದಿಲ್ಲ ಎಂದು ಮೊದಲ ನೋಟಕ್ಕೇ ಹೇಳಬಲ್ಲವಳು.

ಮೂರು ಯಾಕೆಂದರೆ ಊರಿನ ಸಮುದಾಯ ಕಾಲೇಜಿನ ಪ್ರಾಂಶುಪಾಲರ ತತ್ವವೇ ಹಾಗಿತ್ತು. ಸೇರಲು ಹೋದವನನ್ನು ಅವರು ಮೇಲಿಂದ ಕೆಳಗೆ ನೋಡಿ ಕೇಳಿದ್ದರು: "ಬರೀ ಟೈಪಿಂಗಾ? ನಾವಿಲ್ಲಿ ಅರ್ಧ ಮನುಷ್ಯರನ್ನ ತಯಾರು ಮಾಡಲ್ಲ ಸ್ವಾಮಿ. ತಲೆಗೆ ಗಣಿತ, ಎದೆಗೆ ಸಂಗೀತ, ಹೊಟ್ಟೆಗೆ ಟೈಪಿಂಗ್. ತಗೊಂಡ್ರೆ ಮೂರೂ ತಗೊಳ್ಳಿ. ಇಲ್ಲಾಂದ್ರೆ ಬಾಗಿಲು ಅಲ್ಲಿದೆ."

ಬಾಗಿಲು ನಿಜಕ್ಕೂ ಅಲ್ಲೇ ಇತ್ತು. ಆದರೆ ಅದರಾಚೆ ನೆಲಮಾಳಿಗೆ ಬಾಯಿ ತೆರೆದು ಕೂತಿತ್ತು. ಲಕೋಟೆ ಮೂರನ್ನೂ ತೆಗೆದುಕೊಂಡ. ಪೂರ್ಣ ಮನುಷ್ಯನಾಗಲು ಹೊರಟ.

ಕಾಲೇಜಿನಲ್ಲಿ ಮೊದಲ ವಾರವೇ ಪೂರ್ಣ ಮನುಷ್ಯನ ಅರ್ಧ ಜೀವ ಹೋಯಿತು. ಗಣಿತದ ತರಗತಿಯ ಬೆಂಚುಗಳು ಹಗಲು ಹೊತ್ತು ಚಿಕ್ಕ ಮಕ್ಕಳಿಗೆ, ಸಂಜೆ ಲಕೋಟೆಯಂಥವರಿಗೆ. ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಸಂಗೀತದ ತರಗತಿಯಲ್ಲಿ ಕೀಬೋರ್ಡು ವಾದ್ಯ ಕಲಿಸುವ ಮೇಷ್ಟ್ರು ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, "ಇವು ಬಗ್ಗುತ್ತವಾ?" ಎಂದು ಅನುಮಾನದಿಂದ ಕೇಳಿದರು. ಟೈಪಿಂಗ್ ತರಗತಿಯ ಮಾತಂತೂ ಬೇಡ! ಯಂತ್ರಗಳಲ್ಲಿ ಅರ್ಧ ಕೆಟ್ಟಿದ್ದವು. ಉಳಿದವಕ್ಕೆ ಸರದಿ. ಸರದಿ ಬರುವವರೆಗೂ ಎಲ್ಲರೂ ಗೋಡೆಯ ಮೇಲಿನ ಕೀಬೋರ್ಡಿನ ಚಿತ್ರ ನೋಡಿಕೊಂಡು ಮೇಜಿನ ಮೇಲೆ ಬೆರಳು ಕುಟ್ಟುತ್ತಿದ್ದರು. ಹೊರಗಿನಿಂದ ನೋಡಿದವರಿಗೆ, ಊಟಕ್ಕೆ ಕೂತು ಬಹಳ ಹೊತ್ತಾದ ಜನರ ಹಾಗೆ ಕಾಣುತ್ತಿತ್ತು.

ಸರದಿಯಲ್ಲಿ ಅವನ ಮುಂದಿದ್ದವನು ಮೊಹರು. ಅದೇ ಕಚೇರಿಯವನು, ಒಳಬಂದ ಕಾಗದಗಳಿಗೆಲ್ಲ ಮೊಹರು ಒತ್ತುವವನು. ನೆಲಮಾಳಿಗೆಯ ಭಯ ಅವನಿಗೂ ಇತ್ತು. ಆದರೆ ಅವನದು ಮೊಹರು ಒತ್ತಿ ಒತ್ತಿ ಕಲ್ಲಾದ ಕೈ. ಅವನು ಒಂದು ಅಕ್ಷರ ಒತ್ತಿದರೆ ಮೇಜಿನ ಮೇಲಿದ್ದ ಪೆನ್ನುಗಳೆಲ್ಲ ಎದ್ದು ಕೂರುತ್ತಿದ್ದವು.

"ಏನೋ ಲಕೋಟೆ, ನಾವಿಬ್ರೂ ಕೆಳಗೇನಾ?" ಎಂದು ಅವನು ಕೇಳಿದ.

"ನಿನ್ ಪಾಡು ನಿಂಗೆ. ನಾನ್ ಮಾತ್ರ ಮೇಲೆ," ಎಂದ ಲಕೋಟೆ. ದನಿ ಗಂಭೀರವಾಗಿತ್ತು. ಬೆರಳು ಮಾತ್ರ ಮೇಜಿನ ಮೇಲೆ ತಪ್ಪು ಅಕ್ಷರ ಕುಟ್ಟುತ್ತಿತ್ತು.

ದಾರಿ ತೋರಿಸಿದ್ದು ಗಣಿತ. ಒಂದು ಸಂಜೆ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಉದ್ದನೆಯ ಲೆಕ್ಕ ಬರೆದು ಹೇಳಿದರು: "ಎರಡು ಪದ ಕೂಡಿಸಿದ್ದೀನಿ. ಎರಡರಲ್ಲೂ ಇರೋದು ಯಾವುದು ನೋಡಿ. ಅದೇ ಸಾಮಾನ್ಯ ಅಪವರ್ತನ. ಅದರ ಕಿವಿ ಹಿಡಿದು ಹೊರಗೆ ಎಳೀರಿ. ಮಿಕ್ಕಿದ್ದನ್ನ ಆವರಣದೊಳಗೆ ಹಾಕಿ. ಅರ್ಧ ಕೆಲಸ ಮುಗೀತು!"

ಅರ್ಧ ಕೆಲಸ! ಲಕೋಟೆಯ ಮೊಣಕಾಲು ಬೆಂಚಿಗೆ ಬಡಿಯಿತು. ಟೈಪಿಂಗ್‌ನಲ್ಲಿ ಇರುವುದೇನು? ಬೆರಳು. ಸಂಗೀತದಲ್ಲಿ? ಬೆರಳು! ಹಾಗಾದರೆ ಬೆರಳನ್ನು ಹೊರಗೆಳೆದರೆ ಆಯಿತಲ್ಲ! ಎರಡಕ್ಕೂ ಒಂದೇ ಅಭ್ಯಾಸ! ಇಷ್ಟು ಸರಳವಾದದ್ದು ಜಗತ್ತಿಗೆ ಇನ್ನೂ ಹೊಳೆದಿಲ್ಲವಲ್ಲ ಎಂದು ಅವನಿಗೆ ಜಗತ್ತಿನ ಮೇಲೆ ಕನಿಕರವೇ ಬಂತು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೆ ಅಟ್ಟದ ಮೇಲೆ ಭಾವಮೈದುನ ಬಿಟ್ಟುಹೋದ ಸಂಗೀತದ ಕೀಬೋರ್ಡು ಇತ್ತು: ಉದ್ದನೆಯದು, ಕಾಲಲ್ಲಿ ಒತ್ತುವ ಪೆಡಲಿನ ಸಮೇತ. ಕನ್ನಡಕದ ಗಾಜಿಗೆ ಅಂಟಿಸುವ ಪುಟಾಣಿ ಚೀಟಿಗಳು ಹೆಂಡತಿಯ ಚೀಲದಲ್ಲಿದ್ದವು. ಲಕೋಟೆ ಒಂದೊಂದರ ಮೇಲೂ ಒಂದೊಂದು ಅಕ್ಷರ ಬರೆದು ಸ್ವರ ಒತ್ತುವ ಬಿಳಿಯ ಮನೆಗಳಿಗೆ ಅಂಟಿಸಿದ. ಅಂಟಿಸುವುದರಲ್ಲಿ ಅವನನ್ನು ಮೀರಿಸುವವರುಂಟೆ? ಟೈಪಿಂಗ್ ಯಂತ್ರದಲ್ಲಿ ಅಕ್ಷರಗಳು ಒಂದರ ಕೆಳಗೊಂದು ಮೂರು ಸಾಲು. ಇದರಲ್ಲಿರುವುದು ಒಂದೇ ಸಾಲು. ಪರವಾಗಿಲ್ಲ! ಕೆಳಸಾಲು ಎಡಕ್ಕೆ, ನಡುಸಾಲು ನಡುವೆ, ಮೇಲ್ಸಾಲು ಬಲಕ್ಕೆ. ಒತ್ತಕ್ಷರಕ್ಕೆ ಒಂದು ಕಪ್ಪು ಮನೆ. ಪದಗಳ ನಡುವೆ ಜಾಗ ಬಿಡಲು ಪೆಡಲು!

"ಇದೇನ್ ರೀ ಇದು?" ಎಂದಳು ಹೆಂಡತಿ.

"ಗಣಿತ," ಎಂದ ಲಕೋಟೆ.

ಆ ಗಳಿಗೆಯಿಂದ ಮನೆಯ ನೆಮ್ಮದಿ ಹಾರಿಹೋಯಿತು. ಏನಾದರೂ ಒಂದನ್ನು ಟೈಪು ಮಾಡಬೇಕಲ್ಲ? ಮನಸ್ಸಿನ ತುಂಬ ಇದ್ದದ್ದು ಒಂದೇ. ಅದನ್ನೇ ಬಡಿಯತೊಡಗಿದ:

*ಮಾನ್ಯ ವ್ಯವಸ್ಥಾಪಕರಿಗೆ, ದಯವಿಟ್ಟು ನನ್ನನ್ನು ನೆಲಮಾಳಿಗೆಗೆ ಹಾಕಬೇಡಿ. ನನಗೆ ಕಿಟಕಿ ಬೇಕು. ತಮ್ಮ ವಿಧೇಯ.*

ಬೆಳಿಗ್ಗೆ ಎದ್ದ ಕೂಡಲೇ ಒಂದು ಸುತ್ತು. ಕಾಲೇಜಿನಿಂದ ಬಂದ ಮೇಲೆ ಊಟದವರೆಗೆ ಹಲವು ಸುತ್ತು. ಎಡದ ತುದಿಯ ಮನೆಗಳು ತಗ್ಗಿನ ಸ್ವರ, ಬಲದವು ಏರುಸ್ವರ. ಹಾಗಾಗಿ 'ನೆಲಮಾಳಿಗೆ' ಎಂಬ ಪದ ಬಂದಾಗಲೆಲ್ಲ ಯಾರೋ ಹಳ್ಳಕ್ಕೆ ಬಿದ್ದು, ಎದ್ದು, ಹತ್ತಲು ಹೋಗಿ, ಮತ್ತೆ ಬಿದ್ದ ಹಾಗೆ ಕೇಳುತ್ತಿತ್ತು. 'ದಯವಿಟ್ಟು' ಎಂಬಲ್ಲಿ ಕಪ್ಪು ಮನೆ ಬಂದು ಕೀರಲು ದನಿಯೊಂದು ಹೊರಡುತ್ತಿತ್ತು. ತೋಳುಗಳು ಆಚೆಗೊಮ್ಮೆ ಈಚೆಗೊಮ್ಮೆ ಚಾಚಿ ಚಾಚಿ, ಲಕೋಟೆ ನಡುನೀರಿನಲ್ಲಿ ಮುಳುಗುತ್ತಿರುವವನಂತೆ ಕಾಣುತ್ತಿದ್ದ.

ಕೇಳಿ ಕೇಳಿ ಹೆಂಡತಿಯ ಕಿವಿ ಪಳಗಿತು. ಮೊದಲು ಅವಳು ಧೂಳು ಒರೆಸುವಾಗ ಚೀಟಿಗಳನ್ನು ನೋಡುತ್ತಿದ್ದಳು. ಆಮೇಲೆ ನೋಡುವ ಅಗತ್ಯವೇ ಬೀಳಲಿಲ್ಲ. ಬಟ್ಟೆ ಮಡಿಸುತ್ತ ಒಳಕೋಣೆಯಿಂದಲೇ ಕೂಗುತ್ತಿದ್ದಳು: "ರೀ, 'ಕಿಟಕಿ'ಯಲ್ಲಿ ಒಂದು 'ಕಿ' ನುಂಗಿದ್ರಿ!"

ಲಕೋಟೆಗೆ ಆನಂದವೋ ಆನಂದ. ಪುಕ್ಕಟೆ ಪರೀಕ್ಷಕಿ! ಕಾಲೇಜಿನಲ್ಲಿ ಅವನ ಸರದಿ ಬಂದಾಗಲೆಲ್ಲ, "ನನಗೆ ಮನೇಲೇ ಅನುಕೂಲ ಇದೆ ಮೇಡಂ, ಪಾಪ ಮೊಹರು ಕಲೀಲಿ," ಎಂದು ಉದಾರವಾಗಿ ಎದ್ದು ಬಿಡುತ್ತಿದ್ದ. ಟೈಪಿಂಗ್ ಮೇಡಂ ಅವನ ತ್ಯಾಗವನ್ನು ತರಗತಿಗೆಲ್ಲ ತೋರಿಸಿ ಹೊಗಳಿದರು. ಆ ಹೊಗಳಿಕೆಯೇ ಅವನ ಕಾಲಿಗೆ ಕಟ್ಟಿದ ಕಲ್ಲು ಎಂದು ಆಗ ಗೊತ್ತಾಗಬೇಕೆ!

ಒಂದು ಭಾನುವಾರ, ಒಂದೇ ವಾಕ್ಯ ಬಡಿದು ಬೇಸರವಾಗಿ, ಅವನು ಬೇರೆಯದನ್ನು ಬಡಿದ. ಮನಸ್ಸಿನಲ್ಲಿದ್ದ ಎರಡನೆಯ ವಿಷಯ. ಕೆಲವು ದಿನಗಳ ಮಟ್ಟಿಗೆಂದು ಬಂದ ಅತ್ತೆಯವರು ಈಗ ಮನೆಯ ಕುರ್ಚಿಗಳಲ್ಲಿ ಒಂದನ್ನು ಕಾಯಂ ಮಾಡಿಕೊಂಡಿದ್ದರು. *ಅತ್ತೆಯವರು ಯಾವಾಗ ತಮ್ಮ ಮನೆಗೆ ಹೊರಡುತ್ತಾರೋ ತಿಳಿಯದು.*

ಅಡುಗೆಮನೆಯಿಂದ ಸೌಟು ಹಿಡಿದ ಹೆಂಡತಿ ಪ್ರತ್ಯಕ್ಷಳಾದಳು.

"ಏನಂದ್ರಿ?"

"ನಾನಾ? ನಾನ್ ತುಟಿ ಬಿಚ್ಚಿಲ್ಲ!"

"ತುಟಿ ಬಿಚ್ಚಿಲ್ಲ. ಬೆರಳು ಬಿಚ್ಚಿದ್ರಿ!"

ಅಷ್ಟರಲ್ಲಿ ಕುರ್ಚಿಯಿಂದ ಅತ್ತೆಯವರ ದನಿ ತೇಲಿಬಂತು. "ಯಾಕ್ ನಿಲ್ಲಿಸಿದ್ರಿ ಅಳಿಯಂದ್ರೇ? ದಿನಾ ಬಾರಿಸೋದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ. ಇನ್ನೊಂದ್ಸಲ ಬಾರಿಸಿ, ಕೇಳೋಣ."

"ಅಮ್ಮಾ, ಅದು ಬೇಡ," ಎಂದಳು ಮಗಳು.

"ನೀನು ಸುಮ್ನಿರೇ! ನಿಂಗೆ ಸಂಗೀತದ ಗಂಧ ಇಲ್ಲ. ಬಾರಿಸಿ ಅಳಿಯಂದ್ರೇ."

ಲಕೋಟೆ ಬಾರಿಸಿದ. ಸೌಟು ನೆತ್ತಿಯ ಮೇಲೆ ತೂಗುತ್ತಿರಲು, ಬೆವರುತ್ತ, ಅತ್ತೆಯವರು ಯಾವಾಗ ಹೊರಡುತ್ತಾರೆಂದು ಅತ್ತೆಯವರ ಅಪ್ಪಣೆಯ ಮೇರೆಗೆ ಮತ್ತೆ ಮತ್ತೆ ಬಾರಿಸಿದ. ಅವರು ಬಟಾಣಿ ಸುಲಿಯುತ್ತ ತಲೆದೂಗಿದರು. ಮಾರನೆಯ ದಿನದಿಂದ ಅದನ್ನೇ ಗುನುಗತೊಡಗಿದರು, ಬಾಲ್ಕನಿಯಲ್ಲಿ ನಿಂತು, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ಅವರು ಗುನುಗಿದಾಗಲೆಲ್ಲ ಹೆಂಡತಿ ಲಕೋಟೆಯನ್ನು ನೋಡುವ ನೋಟಕ್ಕೆ ಯಾವ ಕನ್ನಡಕದ ಅಂಗಡಿಯಲ್ಲೂ ಗಾಜು ಸಿಗುವಂತಿರಲಿಲ್ಲ.

ಟೈಪಿಂಗ್ ಪರೀಕ್ಷೆಯ ಸಂಜೆ ಬಂತು. ಲಕೋಟೆ ತಲೆ ಬಾಚಿಕೊಂಡು, ಗೆದ್ದವನ ನಡಿಗೆಯಲ್ಲಿ ಹೋಗಿ, ಸಾಲಿನ ತುದಿಯ ಯಂತ್ರದ ಮುಂದೆ ಕೂತ. ಎಡಕ್ಕೆ ಮೊಹರು. ಬಲಕ್ಕೆ ಮೇಡಮ್ಮಿನ ಮೇಜು, ಅದರ ಮೇಲೆ ಹಬೆಯಾಡುವ ಚಹಾ. ಕೀಲಿಗಳನ್ನು ಕದ್ದು ನೋಡದಿರಲೆಂದು ಪ್ರತಿಯೊಬ್ಬರ ಕೈಗಳ ಮೇಲೂ ಒಂದು ಬಟ್ಟೆ ಹೊದಿಸಿದರು. ಎದುರಿಗೆ ಟೈಪು ಮಾಡಬೇಕಾದ ಕಾಗದ: ಯಾವುದೋ ಕಂಪನಿಗೆ ಕುರ್ಚಿ ಕಳಿಸಿಕೊಡಿ ಎಂಬ ಪತ್ರ.

"ಶುರು ಮಾಡಿ!" ಎಂದರು ಮೇಡಂ.

ಲಕೋಟೆಯ ಎಡಗೈ ಕೆಳಸಾಲನ್ನು ಹುಡುಕಿಕೊಂಡು, ಎಷ್ಟೋ ವಾರಗಳಿಂದ ಕಲಿತ ದೂರಕ್ಕೆ, ನಂಬಿಕೆಯಿಂದ ಚಾಚಿತು. ಬಟ್ಟೆಯಿಂದ ಹೊರಬಿತ್ತು. ಮೊಹರಿನ ಬಟ್ಟೆಯೊಳಗೆ ಹೊಕ್ಕಿತು. ಅಲ್ಲಿ ಕೀಲಿಗಳು ಸಿಕ್ಕವು. ಬಡಿಯಿತು.

"ಅಯ್ಯೋ! ನನ್ನ ಬಟ್ಟೆಯೊಳಗೆ ಯಾರದೋ ಕೈ!" ಎಂದು ಮೊಹರು ಚೀರಿದ.

"ಮಾತಾಡಬಾರದು!" ಎಂದರು ಮೇಡಂ.

ಬಲಗೈ ಮೇಲ್ಸಾಲಿಗೆ ಹಾರಿತು. ಮೇಲ್ಸಾಲು ಇರಬೇಕಾದಲ್ಲಿ ಚಹಾ ಇತ್ತು. ಲೋಟ ಉರುಳಿ, ಚಹಾ ಮೇಡಮ್ಮಿನ ಸೀರೆಯ ನೆರಿಗೆಗಳನ್ನು ಒಂದೊಂದಾಗಿ ವಿಚಾರಿಸಿಕೊಂಡು ಕೆಳಗಿಳಿಯಿತು. ಲಕೋಟೆಗೆ ತನ್ನ ತಪ್ಪು ಆಗ ಹೊಳೆಯಿತು. ಮೂರು ಸಾಲೂ ತನ್ನ ಮೂಗಿನ ಕೆಳಗೇ, ಅಂಗೈಯಗಲದಲ್ಲೇ ಇವೆ ಎಂದು ತಲೆಗೆ ಗೊತ್ತಾಯಿತು. ಆದರೆ ಬೆರಳಿಗೆ? ತಲೆ "ಹತ್ತಿರ, ಹತ್ತಿರ!" ಎಂದು ಕೂಗಿತು; ತೋಳು ಸವಾರನನ್ನು ಬೀಳಿಸಿ ಓಡುವ ಕುದುರೆಯಂತೆ ಮೊಹರಿನ ಕಡೆಗೇ ಓಡಿತು. ಕಾಲಂತೂ ಪ್ರತಿ ಪದಕ್ಕೂ ನೆಲವನ್ನು ಧಪ್ ಧಪ್ ಎಂದು ತುಳಿಯುತ್ತಿತ್ತು. ನೆಲ ಜಾಗ ಬಿಡಲಿಲ್ಲ.

ಸಮಯ ಮುಗಿದಾಗ ಲಕೋಟೆಯ ಪರದೆಯ ಮೇಲೆ ನಡುಸಾಲಿನ ಅಕ್ಷರಗಳಷ್ಟೇ, ಒಂದಕ್ಕೊಂದು ಅಂಟಿಕೊಂಡು, ಲಕೋಟೆಗಳ ಕಟ್ಟಿನ ಹಾಗೆ ಬಿದ್ದಿದ್ದವು. ಅವನ ಕುರ್ಚಿ ಪತ್ರದ ಕೆಳಸಾಲೆಲ್ಲ ಮೊಹರಿನ ಪರದೆಯ ಮೇಲಿತ್ತು. ಆ ಯಂತ್ರ ವೇಗವನ್ನು ಅಳೆಯುವುದು ಎಷ್ಟು ಸಲ ಕೀಲಿ ಒತ್ತಿದರು ಎಂಬುದರ ಮೇಲೆ. ಮೊಹರಿನ ಯಂತ್ರವನ್ನು ಇಬ್ಬರು ಸೇರಿ ಒತ್ತಿದ್ದರು.

"ವೇಗದಲ್ಲಿ ಇವರೇ ಮೊದಲು!" ಎಂದು ಮೇಡಂ ಒದ್ದೆ ಸೀರೆಯನ್ನು ಹಿಂಡಿಕೊಳ್ಳುತ್ತಲೇ ಮೊಹರನ್ನು ಮೆಚ್ಚಿದರು. "ತಪ್ಪುಗಳಿವೆ, ಇರ್ಲಿ, ಪಾಸು. ಮತ್ತೆ ನೀವು..." ಲಕೋಟೆಯ ಕಡೆ ತಿರುಗಿದವರು ಅವನ ಹೆಸರಿನ ಮುಂದೆ 'ಫೇಲು' ಎಂದು ಬರೆದರು. ಹೊಗಳಿದ್ದನ್ನು ವಾಪಸು ತೆಗೆದುಕೊಳ್ಳುವ ದಾರಿ ಹುಡುಕುತ್ತಿದ್ದಂತಿತ್ತು.

ಹೊರಗೆ ಮೆಟ್ಟಿಲ ಮೇಲೆ ಮುಖ ಮುಚ್ಚಿ ಕೂತವನ ಪಕ್ಕದಲ್ಲಿ ಗಣಿತದ ಮೇಷ್ಟ್ರು ಬಂದು ಕೂತರು. ಲಕೋಟೆ ಅಪವರ್ತನದಿಂದ ಹಿಡಿದು ಚಹಾದವರೆಗೆ ಎಲ್ಲ ಹೇಳಿಕೊಂಡ. ಮೇಷ್ಟ್ರು ಮೆಟ್ಟಿಲ ಧೂಳಿನಲ್ಲಿ ಬೆರಳಿಂದ ಒಂದು ಆವರಣ ಬರೆದರು.

"ಬೆರಳನ್ನ ಹೊರಗೆ ತೆಗೆದದ್ದು ಸರಿ ಕಣಪ್ಪ," ಎಂದರು. "ಆವರಣದೊಳಗೆ ಉಳಿದದ್ದನ್ನ ಏನು ಮಾಡಿದೆ?"

"ಏನು ಉಳಿದಿತ್ತು ಸರ್?"

"ಮಿಕ್ಕಿದ್ದೆಲ್ಲಾ!" ಎಂದು ಮೇಷ್ಟ್ರು ಎದ್ದುಹೋದರು.

ಮನೆಯಲ್ಲಿ ಅವನು ಊಟ ಬಿಟ್ಟ. ಗೋಡೆಗೆ ಮುಖ ಮಾಡಿ ಮಲಗಿದ. "ಎಲ್ಲಾ ಮುಗೀತು," ಎಂದ. "ನನ್ನ ಕಥೆ ಇಷ್ಟೇ. ಇನ್ಮೇಲೆ ಬೀದಿ ನೋಡಲ್ಲ. ಬಿಸಿಲು ನೋಡಲ್ಲ. ಕ್ಷೌರದಂಗಡೀಲಿ ಯಾರು ಮೀಸೆ ತೆಗೆಸಿದ್ರೂ ನನಗೆ ಗೊತ್ತಾಗಲ್ಲ."

ಹೆಂಡತಿಗೆ ಅವನನ್ನು ಬೈಯಬೇಕೆನಿಸಿತ್ತು. ಆದರೆ ಆ ಬೆನ್ನನ್ನು ನೋಡಿ ಬೈಗುಳ ನುಂಗಿಕೊಂಡಳು. ಮಂಚದ ತುದಿಯಲ್ಲಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟಳು. "ಏಳಿ. ನಾಡಿದ್ದು ಕಾಲೇಜಿನ ಸಮಾರಂಭ ಇದೆಯಲ್ಲ. ನಿಮ್ಮ ವ್ಯವಸ್ಥಾಪಕರೇ ಮುಖ್ಯ ಅತಿಥಿ ಅಂತೆ. ಸಂಗೀತ ಆದ್ರೂ ನೆಟ್ಟಗೆ ಬಾರಿಸಿ. ಅವರ ಕಣ್ಣಿಗೆ ಒಳ್ಳೆಯವರಾಗಿ ಬಿದ್ರೆ, ಏನಾದ್ರೂ ದಯೆ ತೋರಿಸ್ತಾರೋ ಏನೋ."

ಲಕೋಟೆ ಗೋಡೆಯಿಂದ ಈ ಕಡೆ ತಿರುಗಿದ. ಮುಳುಗುವವನಿಗೆ ಹಗ್ಗ ಕಂಡಿತ್ತು. ಸಂಗೀತದ ಮೇಷ್ಟ್ರು ಕಲಿಸಿದ್ದು ಸಣ್ಣದೊಂದು ಜೋಗುಳ. ಮಗು ಕೂಡ ಬಾರಿಸಬಹುದಾದದ್ದು. ಸಮಾರಂಭದ ದಿನ ಅದನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ಹೊರಟ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ವ್ಯವಸ್ಥಾಪಕರು: ಬಿಳಿಗೂದಲು, ದಪ್ಪ ಕನ್ನಡಕ, ಕಚೇರಿಯಲ್ಲಿ ಯಾರೂ ಅವರ ಹಲ್ಲು ನೋಡಿದವರಿಲ್ಲ. ಅವರ ಹಿಂದಿನ ಸಾಲಿನಲ್ಲಿ ಹೆಂಡತಿ ಮತ್ತು ಅತ್ತೆಯವರು. ವೇದಿಕೆಯ ಮೇಲೆ ಕಾಲೇಜಿನ ದೊಡ್ಡ ಕೀಬೋರ್ಡು, ಪೆಡಲಿನ ಸಮೇತ. ಅಕ್ಷರದ ಚೀಟಿಗಳಿಲ್ಲದ ಬೆತ್ತಲೆ ಬಿಳಿ ಮನೆಗಳು.

ಲಕೋಟೆ ಕೂತ. ಜೋಗುಳದ ಮೊದಲ ಸ್ವರ ಒತ್ತಿದ. ಎರಡನೆಯ ಸ್ವರ ಒತ್ತಿದ. ಮೂರನೆಯದಕ್ಕೆ ಕೈ ಎತ್ತಿದ. ಬೆರಳುಗಳಿಗೆ ಅಷ್ಟು ದಿನ ಬಾರಿಸಿದ ದಾರಿ ಕಂಡಿತು. ಮನೆ ಬಾಗಿಲು ಕಂಡ ದನಗಳ ಹಾಗೆ ನುಗ್ಗಿದವು!

ಸಭೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ, ಒಬ್ಬಳ ಹೊರತು.

"ಮಾನ್ಯ..." ಎಂದು ಹೆಂಡತಿ ತಾನಾಗಿ ಪಿಸುಗುಟ್ಟಿದಳು. "ವ್ಯವಸ್ಥಾಪಕರಿಗೆ... ಅಯ್ಯೋ! ಅಯ್ಯಯ್ಯೋ!"

"ಷ್!" ಎಂದರು ಮುಂದಿನ ಸಾಲಿನಿಂದ ಮಾನ್ಯ ವ್ಯವಸ್ಥಾಪಕರು.

ಲಕೋಟೆಗೂ ಗೊತ್ತಾಯಿತು. ನಿಲ್ಲಿಸಲು ನೋಡಿದ. ಆಗಲಿಲ್ಲ. ತೋಳುಗಳು ಆಚೆ ಈಚೆ ಚಾಚಿದವು. ಪೆಡಲು ತುಳಿದಾಗಲೆಲ್ಲ ಪದಕ್ಕೂ ಪದಕ್ಕೂ ನಡುವೆ ಸ್ವರ ನಿಟ್ಟುಸಿರಿನಂತೆ ಎಳೆದುಕೊಂಡು ಹೋಗಿ ಮೌನದಲ್ಲಿ ಕರಗಿತು. 'ದಯವಿಟ್ಟು' ಕೀರಿತು. 'ನೆಲಮಾಳಿಗೆಗೆ' ಹಳ್ಳಕ್ಕೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಇದೇ ಕೊನೆ ಎಂದುಕೊಂಡ ಲಕೋಟೆಯ ಕಣ್ಣಿನಿಂದ ಧಾರಾಕಾರವಾಗಿ ನೀರು ಇಳಿಯಿತು. 'ನನಗೆ ಕಿಟಕಿ ಬೇಕು' ಎಂಬಲ್ಲಿಗೆ ಬಂದಾಗ ಅವನು ನಿಜವಾಗಿಯೂ ಅಳುತ್ತಿದ್ದ. 'ತಮ್ಮ ವಿಧೇಯ' ಎಂಬುದು ಕೇಳಿತೋ ಇಲ್ಲವೋ ಎಂಬಂತೆ ಸೊರಗಿ ನಿಂತಿತು.

ಆಮೇಲೆ ಚಪ್ಪಾಳೆ ಸಿಡಿಯಿತು! ಸಂಗೀತದ ಮೇಷ್ಟ್ರು ಓಡಿಬಂದು ಅವನ ಆ ಬಗ್ಗದ ಬೆರಳುಗಳನ್ನೇ ಕಣ್ಣಿಗೊತ್ತಿಕೊಂಡರು. "ಆ ಮೌನಗಳು! ಆ ನಡುನಡುವಿನ ಮೌನ ಯಾರು ಕಲಿಸಿದ್ರು ನಿಮಗೆ?" ಎಂದರು. ಜಾಗ ಬಿಡಲು ಪೆಡಲು ಎಂದು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಮುಂದಿನ ಸಾಲಿನಲ್ಲಿ ವ್ಯವಸ್ಥಾಪಕರು ಕನ್ನಡಕ ತೆಗೆದು, ಕರವಸ್ತ್ರದಿಂದ ಕಣ್ಣು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

"ಅತ್ರು ಕಣ್ರೀ!" ಎಂದಳು ಹೆಂಡತಿ ಮನೆಗೆ ಬರುವ ದಾರಿಯಲ್ಲಿ. "ನಾನೇ ನೋಡ್ದೆ. ಅರ್ಥ ಗೊತ್ತಾಗದೆ ಇರಬಹುದು, ಆದ್ರೆ ಮುಟ್ಟಿದೆ. ನಿಮ್ಮ ಕಿಟಕಿ ಉಳೀತು!"

ಆ ರಾತ್ರಿ ಲಕೋಟೆ ಹೊಟ್ಟೆ ತುಂಬ ಉಂಡ.

ಬೆಳಿಗ್ಗೆ ಕಚೇರಿಗೆ ಹೋದ ತಕ್ಷಣ ಕರೆ ಬಂತು. ವ್ಯವಸ್ಥಾಪಕರು ಎದ್ದು ನಿಂತು ಬರಮಾಡಿಕೊಂಡರು. ಕೂರಿಸಿದರು. ಚಹಾ ತರಿಸಿದರು. ನಕ್ಕರು ಕೂಡ, ಅವರಿಗೂ ಹಲ್ಲುಗಳಿದ್ದವು!

"ನಿಮ್ಮ ಟೈಪಿಂಗ್ ವಿಷಯ ಗೊತ್ತಾಯ್ತು," ಎಂದರು. "ಬಿಡಿ, ಅದೇನು ದೊಡ್ಡದು. ನಿಜ ಹೇಳ್ಲಾ? ನೀವು ಫೇಲಾದ್ರೂ ನಿಮ್ಮನ್ನ ಮೇಲೇ ಇಟ್ಕೊಳ್ಳೋಣ ಅಂತಿದ್ದೆ. ರವಾನೆ ಕೆಲಸ ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಲ್ಲ. ಆದೇಶ ಬರೆಯೋಕೂ ಹೇಳಿಬಿಟ್ಟಿದ್ದೆ."

ಲಕೋಟೆ ಕುರ್ಚಿಯಿಂದ ಅರ್ಧ ಎದ್ದು ಕೈಮುಗಿದ. "ಸರ್... ತಮ್ಮ ದಯೆ ಸರ್..."

"ತಾಳಿ, ತಾಳಿ. ನಿನ್ನೆ ನೀವು ಬಾರಿಸಿದ್ದು ಕೇಳಿದ ಮೇಲೆ ನನಗೇ ನಾಚಿಕೆಯಾಯ್ತು. ಎಂಥ ಕಲಾವಿದನ್ನ ಎಂಥ ಗಲಾಟೆಯಲ್ಲಿ ಕೂರಿಸಿದ್ದೀನಿ! ಹಿಂದೆ ಬೀದಿ, ಮುಂದೆ ಜನ, ಕಿವಿಯ ಹತ್ರ ಮೊಹರು ಕುಟ್ಟೋ ಸದ್ದು. ಬೇಡ. ಆದೇಶ ಬದಲಾಯಿಸಿದ್ದೀನಿ." ಅವರು ಮುಂದೆ ಬಾಗಿ, ಉಡುಗೊರೆ ಕೊಡುವವರ ದನಿಯಲ್ಲಿ ಹೇಳಿದರು: "ನೆಲಮಾಳಿಗೆ. ಕಾಯಂ. ಪೂರ್ತಿ ಕೋಣೆ ನಿಮಗೊಬ್ಬರಿಗೇ. ಒಂದು ನರಪಿಳ್ಳೆ ತೊಂದರೆ ಕೊಡಲ್ಲ."

ಲಕೋಟೆಯ ಬಾಯಿಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಹೇಗೋ ನುಂಗಿ ಒದರಿದ: "ಸರ್, ಅದು ಸಂಗೀತ ಅಲ್ಲ ಸರ್! ಅರ್ಜಿ! ನಿಮಗೇ ಕೊಟ್ಟ ಅರ್ಜಿ ಸರ್ ಅದು!"

ವ್ಯವಸ್ಥಾಪಕರು ಕಣ್ಣು ಮುಚ್ಚಿದರು. ಮುಖದ ಮೇಲೆ ಧನ್ಯತೆ ಹರಡಿತು.

"ಆಹಾ!" ಎಂದರು. "ಎಂಥ ಮಾತು! ಕಲಾವಿದ ಬಾರಿಸೋದೆಲ್ಲಾ ಲೋಕಕ್ಕೆ ಕೊಡೋ ಅರ್ಜಿಯೇ ಅಲ್ವಾ? ನೋಡಿ, ಇಂಥ ಮಾತು ಆ ಗಲಾಟೆಯಲ್ಲಿ ಹುಟ್ಟುತ್ತಾ? ಹೋಗಿ, ಇವತ್ತೇ ಕೆಳಗೆ ಹೋಗಿ."

ಮಧ್ಯಾಹ್ನದ ಹೊತ್ತಿಗೆ ಲಕೋಟೆಯ ಮೇಜು, ಕುರ್ಚಿ, ಅಂಟಿನ ಡಬ್ಬಿ ಎಲ್ಲ ಮೆಟ್ಟಿಲಿಳಿದವು. ಕಿಟಕಿಯ ಪಕ್ಕದ ಜಾಗಕ್ಕೆ, ವೇಗದಲ್ಲಿ ಮೊದಲಿಗನಾದ ಮೊಹರು ಬಂದು ಕೂತ. ಕೂತವನೇ ಮೆಟ್ಟಿಲ ಬಾಯಿಗೆ ಬಂದು ಕೂಗಿದ: "ಲೋ ಲಕೋಟೆ, ಎದುರಿನ ಅಂಗಡೀಲಿ ಒಬ್ಬ ಅರ್ಧ ಮೀಸೆ ತೆಗೆಸಿ ಜಗಳಕ್ಕೆ ನಿಂತಿದಾನೆ ಕಣೋ! ನೋಡ್ಬೇಕು ನೀನು!"

ಸಂಜೆ ಮನೆಗೆ ಬಂದ ಲಕೋಟೆ, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ, ಸೋಫಾದ ಮೇಲೆ ಬಿದ್ದುಕೊಂಡ. "ಬೇಡ ಬೇಡ ಅಂತ ಗೋಗರೆದೆ ಕಣೇ. ಅಷ್ಟು ಜನರ ಮುಂದೆ, ಕಣ್ಣೀರಿಟ್ಟು. ಬೇಡ ಅಂದದ್ದನ್ನೇ ಕೊಟ್ರಲ್ಲ! ಇನ್ನು ನಾನು ಯಾರ ಹತ್ರ ಏನು ಕೇಳ್ಲಿ?"

ಹೆಂಡತಿ ಸೊಂಟಕ್ಕೆ ಕೈಕೊಟ್ಟು, ಕನ್ನಡಕದ ಅಂಗಡಿಯಲ್ಲಿ ಗಿರಾಕಿಯನ್ನು ನೋಡುವ ಹಾಗೆ ಅವನನ್ನು ನೋಡಿದಳು. ಆಮೇಲೆ ಹೋಗಿ ಕೀಬೋರ್ಡಿನ ಪ್ಲಗ್ಗು ಹಾಕಿ, ಕುರ್ಚಿಯನ್ನು ಅದರ ಮುಂದಕ್ಕೆ ಎಳೆದಳು.

"ಏಳಿ. ಇವತ್ತಿನಿಂದ್ಲೇ ಅಭ್ಯಾಸ ಶುರು ಮಾಡಿ. ಮುಂದಿನ ವರ್ಷನೂ ಅವರೇ ಮುಖ್ಯ ಅತಿಥಿ ಅಂತೆ."

"ಏನು ಬಾರಿಸ್ಲಿ?"

"'ದಮ್ಮಯ್ಯ, ನನಗೆ ಬಡ್ತಿ ಮಾತ್ರ ಕೊಡಬೇಡಿ' ಅಂತ ಬಾರಿಸಿ. ಚೆನ್ನಾಗಿ ಅಳ್ತಾ ಬಾರಿಸಿ ರೀ. ಕೊಟ್ಟೇ ಬಿಡ್ತಾರೆ!"